ನಾವಿಬ್ಬರು, ನಮಗೆ 1.7: ಈ ಲೆಕ್ಕ ನಿಮ್ಮ ಮನೆಗೆ ಕೂಡುತ್ತದಾ?

ಮುಲುಂಡ್ ಸ್ಲೋ | ಭಾನುವಾರ ರಾತ್ರಿ 9.40

ಇವತ್ತು ಥಾಣೆಯಲ್ಲಿ ದೊಡ್ಡಪ್ಪನ ಮೊಮ್ಮಗಳ ನಾಮಕರಣ. ಊಟಕ್ಕೆ ಇನ್ನೂರು ಎಲೆ, ತೊಟ್ಟಿಲಲ್ಲಿ ಒಂದು ಕೂಸು. ಹಾಲ್‌ನಲ್ಲಿ ಐದು ವರ್ಷದೊಳಗಿನ ಮಕ್ಕಳು ಎಷ್ಟಿದ್ದಾರೆ ಅಂತ ಸುಮ್ಮನೆ ಎಣಿಸಿದೆ. ನಾಲ್ಕು. ಮಂಡಿನೋವಿನ ಮುಲಾಮಿನ ವಾಸನೆ ಮುಂದೆ ಬೇಬಿ ಪೌಡರ್ ಸೋತಿತ್ತು.

ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟು ಕೆಟ್ಟೆ. ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಅನ್ನುವ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಅಂಕಿ ಮೊಬೈಲಿನಲ್ಲಿ ಇತ್ತು. ದೇಶಕ್ಕೆ 2.0, ಮಹಾರಾಷ್ಟ್ರಕ್ಕೆ 1.7, ಕರ್ನಾಟಕಕ್ಕೂ 1.7, ಗೋವಾಕ್ಕೆ 1.3. "ಅಂದ್ರೆ ಈಗ ಸರಾಸರಿ ಸಂಸಾರ 3.7 ಜನ" ಅಂದೆ. ದೊಡ್ಡಪ್ಪ ಸಾರನ್ನದ ಕೈಯಲ್ಲೇ "ಇನ್ನು ಐವತ್ತು ವರ್ಷಕ್ಕೆ ನಮ್ಮ ಹೆಸರು ಹೇಳ್ಲಿಕ್ಕೆ ಜನ ಇರುದಿಲ್ಲ" ಅಂದ್ರು. ತಮ್ಮ "ಒಳ್ಳೇದೇ ಆಯ್ತು, ಲೋಕಲ್‌ನಲ್ಲಿ ಸೀಟು ಸಿಗ್ತದೆ" ಅಂದ. ಅತ್ತೆ ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ನೋಡಿ "ಇದನ್ನು ಅವಳಿಗೆ ಹೇಳು" ಅಂದ್ರು. ಹೆಂಡತಿ ಮನೆಗೆ ಬಂದ ಮೇಲೂ ನನ್ನ ಹತ್ರ ಮಾತಾಡಿಲ್ಲ.

ನಮ್ಮ ಮನೆ ಲೆಕ್ಕ ಹೀಗೆ. ಅಜ್ಜಿ ಹೆತ್ತದ್ದು ಒಂಬತ್ತು, ಉಳಿದದ್ದು ಆರು. ಅಮ್ಮನಿಗೆ ನಾವು ಮೂವರು. ನನಗೆ ಒಬ್ಬಳು ಮಗಳು. ತಮ್ಮನಿಗೆ ನಾಯಿ. ಅಜ್ಜಿ ಕಾಲದ ಹಲಸಿನ ಮರದ ತೊಟ್ಟಿಲು ಊರಿಂದ ಬಸ್ಸಿನ ಮೇಲೆ ಮುಂಬಯಿಗೆ ಬಂದದ್ದು. ಚಾಳಿನಲ್ಲಿ ಇದ್ದಾಗ ಅದು ನಮ್ಮ ಖೋಲಿಯಲ್ಲಿ ಇದ್ದದ್ದೇ ಕಡಿಮೆ, ಈ ಮನೆಯಿಂದ ಆ ಮನೆಗೆ ತಿರುಗುತ್ತಲೇ ಇತ್ತು. ಮಗಳು ಹುಟ್ಟಿದಾಗ ಇಳಿಸಿದ್ದೆವು, ಆಮೇಲೆ ಹನ್ನೊಂದು ವರ್ಷದಿಂದ ಲಾಫ್ಟ್‌ನಲ್ಲಿದೆ. ಸದ್ಯ ಅದರೊಳಗೆ ಗಣಪತಿ ಹಬ್ಬದ ಲೈಟಿನ ಸರ ಇಟ್ಟಿದ್ದೇವೆ.

ಈ ಅಂಕಿ ಕೇಳಿ ನಿಮ್ಮ ಮನೆಗಳಲ್ಲಿ ಯಾರು ಏನಂದರು?

ಲೆಕ್ಕದ ಮೇಷ್ಟ್ರು, ಥಾಣೆ | 10.15

ಮೊದಲು ತಪ್ಪು ತಿದ್ದುತ್ತೇನೆ, ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಗಣಿತ ಹೇಳಿದವನ ಚಟ. ಆ 1.7 ಸಂಸಾರದ ಗಾತ್ರ ಅಲ್ಲ. ಅದಕ್ಕೆ ಗಂಡ ಹೆಂಡತಿಯನ್ನು ಕೂಡಿಸಿ 3.7 ಮಾಡಲಿಕ್ಕೂ ಬರುವುದಿಲ್ಲ.

ಅದು ಒಟ್ಟು ಫಲವತ್ತತೆ ದರ. 15ರಿಂದ 49ರೊಳಗಿನ ಹೆಂಗಸರಲ್ಲಿ ಯಾವ ವಯಸ್ಸಿನವರಿಗೆ ಈಗ ಎಷ್ಟು ಹೆರಿಗೆ ಆಗುತ್ತಿದೆ ಅಂತ ನೋಡುತ್ತಾರೆ. ಈ ಸಮೀಕ್ಷೆಯಲ್ಲಿ ಹಿಂದಿನ ಮೂರು ವರ್ಷದ ಹೆರಿಗೆಗಳ ಲೆಕ್ಕ. ಇವತ್ತಿನ ಈ ಕ್ರಮದಲ್ಲೇ ಒಬ್ಬ ಹೆಂಗಸು ತನ್ನ ಹೆರುವ ವಯಸ್ಸನ್ನೆಲ್ಲ ಕಳೆದರೆ ಅವಳಿಗೆ ಎಷ್ಟು ಮಕ್ಕಳಾದಾವು ಅನ್ನುವ ಅಂದಾಜು. ಅಂಥ ಹೆಂಗಸು ಎಲ್ಲೂ ಇಲ್ಲ, ಕಾಗದದ ಮೇಲಿನವಳು. ಇಪ್ಪತ್ತಾರಕ್ಕೆ ಹೆರುತ್ತಿದ್ದವರು ಮೂವತ್ತೆರಡಕ್ಕೆ ಮುಂದೂಡಿದರೂ ಮಧ್ಯದ ವರ್ಷಗಳಲ್ಲಿ ಅಂಕಿ ಇಳಿದಂತೆ ಕಾಣುತ್ತದೆ, ಆಮೇಲೆ ಹೆತ್ತರೂ ಸರಿ.

ಮನೆಮಂದಿ ಎಷ್ಟು ಅನ್ನುವುದು ಬೇರೆ ಲೆಕ್ಕ. ಅದೇ ಸಮೀಕ್ಷೆಯಲ್ಲಿ ದೇಶದ ಸರಾಸರಿ ಮನೆಗೆ 4.4 ಜನ. ಅಲ್ಲಿ 'ಮನೆ' ಅಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಅಜ್ಜಿ, ಮೈದುನ, ಊರಿಂದ ಓದಲು ಬಂದ ಅಕ್ಕನ ಮಗ ಎಲ್ಲರೂ ಸೇರಿದರು. ಒಂದು ಖೋಲಿಯಲ್ಲಿ ಒಟ್ಟಿಗೆ ಬೇಯಿಸಿಕೊಂಡು ಇರುವ ಆರು ಜನ ಹೋಟೆಲ್ ಹುಡುಗರನ್ನೂ ಒಂದು ಮನೆ ಅಂತ ಬರೆದುಕೊಳ್ಳಬಹುದು, ಅಲ್ಲಿ ತೊಟ್ಟಿಲು ಕಟ್ಟುವ ಪ್ರಶ್ನೆಯೇ ಇಲ್ಲದಿದ್ದರೂ.

ತಮ್ಮನ ಸೀಟಿನ ವಿಷಯ: ಆಸೆ ಬೇಡ ಅನ್ನಿ. ಮಕ್ಕಳು ಕಡಿಮೆಯಾದ ಕೂಡಲೇ ಜನ ಕಡಿಮೆಯಾಗುವುದಿಲ್ಲ. ನಿನ್ನೆ ಹುಟ್ಟಿದ ದೊಡ್ಡ ಪೀಳಿಗೆ ಇವತ್ತು ಹೆರುವ ವಯಸ್ಸಿನಲ್ಲಿದೆ. ಬ್ರೇಕ್ ಹಾಕಿದ ಮೇಲೂ ಗಾಡಿ ಪ್ಲಾಟ್‌ಫಾರಂ ಉದ್ದಕ್ಕೂ ಓಡಿಯೇ ನಿಲ್ಲುವುದು. 2023ರಲ್ಲಿ ನಾವು ಚೀನಾವನ್ನು ದಾಟಿದೆವು. 2060ರ ದಶಕದಲ್ಲಿ 170 ಕೋಟಿಯ ಆಸುಪಾಸಿಗೆ ಹೋಗಿ ಆಮೇಲೆ ಇಳಿಯಬಹುದು ಅಂತ ವಿಶ್ವಸಂಸ್ಥೆಯ ಅಂದಾಜು.

ವಿಜಾಪುರದಾಂವ, ಪಿಂಪ್ರಿ | 10.50

ಮೇಷ್ಟ್ರ, ನಿಮ್ಮ ಲೆಕ್ಕ ಖರೇ ಇರಬೇಕು. ಆದ್ರ ನಮ್ಮವ್ವನ ಲೆಕ್ಕದಾಗ ನಂದು ಸೊನ್ನಿ. ಎರಡು ಹೆಣ್ಣುಮಕ್ಕಳು ಅದಾವ ನನಗ. ಊರಿಗೆ ಹೋದಾಗೊಮ್ಮೆ 'ಒಂದು ಕಣ್ಣು ಕಣ್ಣಲ್ಲ, ಒಬ್ಬ ಮಗ ಮಗನಲ್ಲ' ಅಂತ ಸುರು ಮಾಡ್ತಾಳ. "ಯವ್ವಾ, ನನಗ ಒಬ್ಬ ಮಗಾನೂ ಇಲ್ಲ, ಎರಡೂ ಕಣ್ಣು ಛಲೋ ಕಾಣಸ್ತಾವ" ಅಂದ್ರ ಸಿಟ್ಟಿಗೆದ್ದು ಒಳಗ ಹೋಗ್ತಾಳ.

ಎರಡನೇದು ಹುಟ್ಟಿದಾಗ ಪಿಂಪ್ರಿಯೊಳಗ ಪೇಢೆ ತರಾಕ ಹೋದೆ. ಅಂಗಡಿಯಾಂವ ಒಂದು ಕಿಲೋ ತೂಗಿ, ಡಬ್ಬಿ ಕಟ್ಟೂವಾಗ "ಮುಲಗಾ?" ಅಂತ ಕೇಳಿದ. "ಮುಲಗಿ" ಅಂದೆ. ಒಂದು ಮಾತು ಆಡಲಿಲ್ಲ ನೋಡ್ರಿ, ದಾರ ಬಿಚ್ಚಿ ಪೇಢೆ ತಗದು ಬರ್ಫಿ ತುಂಬಾಕ ಹತ್ತಿದ. ಗಂಡಾದ್ರ ಪೇಢೆ, ಹೆಣ್ಣಾದ್ರ ಬರ್ಫಿ, ಇಲ್ಲಿ ಹಂಗ ರೂಢಿ. "ಪೇಢೇನ ಕೊಡ" ಅಂತ ಜಗಳಾ ಮಾಡಿ ತಂದೆ. ದವಾಖಾನ್ಯಾಗ ಹಂಚಿದ್ರ ಎಲ್ಲಾರೂ ಗಂಡು ಅಂತ ತಿಳಕೊಂಡು ಜೋರ ಅಭಿನಂದನೆ ಹೇಳಿದ್ರು. ನಾನೂ ತಿದ್ದಲಿಲ್ಲ, ಸುಳ್ಳು ಯಾಕ ಹೇಳ್ಲಿ.

ಆಮ್ಯಾಲ ಆಪರೇಶನ್ ಮಾತು ಬಂತು. ನಾನು ಮಾಡಿಸ್ಕೋತೀನಿ ಅಂದೆ. ಬ್ಯಾಡ ಅಂದಾಕಿ ನಮ್ಮವ್ವ ಅಲ್ಲ, ಹೆಂಡತಿ. "ನೀವು ಕಂಪನ್ಯಾಗ ಭಾರ ಎತ್ತವರು" ಅಂದ್ಲು. ಆಕಿ ಮೂರನೇ ಮಜಲೆಕ ನೀರಿನ ಕೊಡ ಹೊರೂದು ಭಾರ ಅಲ್ಲೇನು ಅಂತ ಆವಾಗ ನನಗ ಹೊಳೀಲಿಲ್ಲ. ಆಕಿನ ಮಾಡಿಸ್ಕೊಂಡ್ಲು.

ಎರಡನೇ ಶಿಫ್ಟ್, ನೇರೂಳ್ | 11.05

ವಿಜಾಪುರದ ಅಣ್ಣಾ, ನಿಮ್ಮ ಮನೆ ಕತೆ ದೇಶದ ಕತೆಯೇ. ಮೇಷ್ಟ್ರು ಹೇಳಿದ ಅದೇ ಸಮೀಕ್ಷೆಯ ಒಂದು ಸಾಲು ಊಟದ ಎಲೆ ಮುಂದೆ ಯಾರೂ ಓದುವುದಿಲ್ಲ. ಮದುವೆಯಾದ ಹೆಂಗಸರಲ್ಲಿ ಆಪರೇಶನ್ ಆದವರು ನೂರಕ್ಕೆ 37.9. ಗಂಡಸರ ಆಪರೇಶನ್ ನೂರಕ್ಕೆ 0.3. ದರ ಇಳಿದದ್ದು ಯಾರ ಹೊಟ್ಟೆ ಕೊಯ್ದು ಅಂತ ಬೇರೆ ಹೇಳಬೇಕಾ? ಗಂಡಸರದ್ದು ಹತ್ತು ಹದಿನೈದು ನಿಮಿಷದ ಕೆಲಸ, ಹೊಟ್ಟೆ ತೆರೆಯಬೇಕಾಗಿಲ್ಲ, ಆದರೂ ಹೀಗೆ.

ಈಗ ಮುಲುಂಡ್ ಅವರ ಅತ್ತೆಗೆ ನನ್ನ ಉತ್ತರ.

ನನಗೂ ಒಬ್ಬನೇ ಮಗ. "ಅವನಿಗೊಬ್ಬ ತಮ್ಮನೋ ತಂಗಿಯೋ ಬೇಡವಾ" ಅಂತ ಕೇಳದವರು ನಮ್ಮ ಸೊಸೈಟಿಯಲ್ಲಿ ವಾಚ್‌ಮನ್ ಒಬ್ಬನೇ. ಅಲ್ಲ, ಆ ತಮ್ಮನನ್ನು ನೋಡಿಕೊಳ್ಳಲಿಕ್ಕೆ ಅಜ್ಜಿಯನ್ನು ಯಾರು ಹೆತ್ತು ಕೊಡುತ್ತಾರೆ? ಮೊದಲ ಬಾಣಂತನಕ್ಕೆ ಅಮ್ಮ ಉಡುಪಿಯಿಂದ ಮೂರು ತಿಂಗಳು ಬಂದಿದ್ದರು. ಊರಲ್ಲಿ ಅಪ್ಪ ಒಬ್ಬರೇ, ಮೂರು ತಿಂಗಳು ಬೆಳಿಗ್ಗೆ ಅವಲಕ್ಕಿ, ರಾತ್ರಿ ಅವಲಕ್ಕಿ. ಅಮ್ಮನಿಗೆ ಇಲ್ಲಿ ಎಣ್ಣೆ ಹಚ್ಚಿ ನೀರು ಹಾಕುವಷ್ಟು ದೊಡ್ಡ ಬಚ್ಚಲು ಇಲ್ಲ. ಪಾಪ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಲು ಕಾಲು ಚಾಚಿದರೆ ಪಾದ ಬಾಗಿಲಾಚೆ, ವಾಷಿಂಗ್ ಮಷಿನ್‌ಗೆ ತಾಗುತ್ತಿತ್ತು. ಬಾಗಿಲು ತೆರೆದಿಟ್ಟೇ ನಲವತ್ತು ದಿನ ಮೀಸಿದರು. ಅತ್ತೆಯ ಮಂಡಿ ಆಪರೇಶನ್ ಆಗಿದೆ. ಈಗ ಎರಡನೆಯದಕ್ಕೆ ಅಮ್ಮನಿಗೆ ಎಪ್ಪತ್ತೊಂದು.

ಕಾನೂನಿನಲ್ಲಿ 2017ರಿಂದ 26 ವಾರದ ಹೆರಿಗೆ ರಜೆ ಇದೆ, ಮೊದಲ ಎರಡು ಮಕ್ಕಳಿಗೆ. ಐವತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುವಿಹಾರದ ವ್ಯವಸ್ಥೆ ಇರಬೇಕು ಅಂತಲೂ ಇದೆ. ನಮ್ಮ ಆಫೀಸಿನಲ್ಲಿ ಆ ಹೆಸರಿನ ಕೋಣೆ ಇದೆ, ಹಳೇ ಪ್ರಿಂಟರುಗಳ ಜೊತೆ. ಹಾಗಾಗಿ ಹೊರಗಿನ ಪಾಳಣಾಘರವೇ (ಹಗಲು ಮಕ್ಕಳನ್ನು ನೋಡಿಕೊಳ್ಳುವ ಜಾಗ) ಗತಿ. ಏಳೂವರೆಗೆ ಮುಚ್ಚುತ್ತದೆ, ನನ್ನ ಗಾಡಿ ವಾಶಿ ಸೇತುವೆ ಮೇಲೆ ನಿಂತರೆ ನನ್ನ ಜೀವ ಬಾಯಿಗೆ ಬರುತ್ತದೆ. 1.7ರ ಮಾತು ಆಡುವವರು ಒಂದು ದಿನ ಆ ಸೇತುವೆ ಮೇಲೆ ನನ್ನ ಪಕ್ಕ ನಿಲ್ಲಲಿ.

ಮುಲುಂಡ್ ಸ್ಲೋ | 11.20

ಅಕ್ಕಾ, ಇದನ್ನು ಹೆಂಡತಿಗೆ ತೋರಿಸಿದೆ. ಮಾತು ಬಂತು. "ನೋಡಿ" ಅಂದಳು, ಅಷ್ಟೇ.

ನೇರನುಡಿ | 11.31

ನಾವು ಒಂದಕ್ಕೆ ನಿಲ್ಲಿಸಿ ಬುದ್ಧಿವಂತರು ಅನ್ನಿಸಿಕೊಳ್ಳುವುದು, 'ಅವರು' ಸಾಲುಸಾಲು ಹೆರುವುದು. ಇದನ್ನು ಹೇಳುವ ಧೈರ್ಯ ಯಾರಿಗಿದೆ? [ಉಳಿದ ಎರಡು ವಾಕ್ಯ ತೆಗೆಯಲಾಗಿದೆ. — ನಿರ್ವಾಹಕರು]

ಲೆಕ್ಕದ ಮೇಷ್ಟ್ರು, ಥಾಣೆ | 11.58

ಧೈರ್ಯದ ಪ್ರಶ್ನೆ ಅಲ್ಲ, ಪುಟ ತಿರುಗಿಸುವ ಪ್ರಶ್ನೆ. 1992-93ರ ಮೊದಲ ಸಮೀಕ್ಷೆಯಲ್ಲಿ ಮುಸ್ಲಿಮರ ದರ 4.4, ಹಿಂದೂಗಳದ್ದು 3.3. 2019-21ಕ್ಕೆ 2.4 ಮತ್ತು 1.9. ಹೆಚ್ಚು ಇಳಿದದ್ದು ಯಾರದ್ದು ಅಂತ ಕಳೆಯುವ ಲೆಕ್ಕ ಬರುವವರು ಮಾಡಿ ನೋಡಿ. ಕೇರಳದ ಮುಸ್ಲಿಮರ ದರ ಬಿಹಾರದ ಹಿಂದೂಗಳ ದರಕ್ಕಿಂತ ಕಡಿಮೆ ಇದೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರಲ್ಲಿ 2.8, ಹನ್ನೆರಡನೇ ಇಯತ್ತೆ ಮುಟ್ಟಿದವರಲ್ಲಿ 1.8. ಬಿಹಾರದ ಒಟ್ಟು ದರ ಇನ್ನೂ 3.0, ಸಿಕ್ಕಿಂನದ್ದು 1.1. ಇದರಲ್ಲಿ ದೇವರಿಗಿಂತ ಶಾಲೆಯ ಪಾತ್ರ ದೊಡ್ಡದು. ಇನ್ನು ಈ ವಿಷಯಕ್ಕೆ ನಾನು ಉತ್ತರ ಬರೆಯುವುದಿಲ್ಲ, ನಿದ್ದೆ ಬಂದಿದೆ.

ಬೈನಾ ಹುಡುಗ, ವಾಸ್ಕೊ | ಸೋಮವಾರ ಬೆಳಿಗ್ಗೆ 7.10

'ಅವರು' ಅನ್ನೋ ಮಾತು ಗೋವಾದಾಗ ನಮಗ ಅಂತಾರ ಸರ್. ನಮ್ಮಪ್ಪ ಬಾಗಲಕೋಟಿ ಕಡಿಂದ ಗೌಂಡಿ ಕೆಲಸಕ್ಕ ಬಂದಾಂವ. ನಾ ಇಲ್ಲೇ ಹುಟ್ಟೀನಿ, ಕೊಂಕಣಿ ಅವರಕಿಂತ ಛಲೋ ಮಾತಾಡ್ತೀನಿ, ಆದ್ರೂ ಬಸ್ಸಿನ್ಯಾಗ 'ಘಾಟಿ (ಘಟ್ಟದ ಮ್ಯಾಲಿನ) ಮಂದಿ, ಮಕ್ಕಳ ಸಂತಿ' ಅಂತ ಕೇಳಿಸ್ಕೊಂಡೀನಿ. ಗೋವಾ 1.3ರಾಗ ನಾವೂ ಅದೀವಿ, ಮನಿಗೆ ಬಂದು ಬರಕೊಂಡು ಹೋದ್ರ ನಮ್ಮನ್ನೇನು ಬಿಟ್ಟು ಬರೀತಾರ? ನಮ್ಮಪ್ಪಗ ಐದು ಮಕ್ಕಳು. ನಮ್ಮ ಐದೂ ಮಂದಿಗೆ ಸೇರಿ ಈಗ ಎಂಟು.

ಗೋವಾದ ಮನಿ ಸಣ್ಣದಾಗಿದ್ದು ಬರೇ ಹೆರಿಗಿ ಕಡಿಮಿ ಆಗಿ ಅಲ್ಲ. ನಾ ಎಲೆಕ್ಟ್ರಿಕ್ ಕೆಲಸ ಮಾಡ್ತೀನಿ. ಚಿಖಲಿ ಕಡೆ ಒಬ್ರು ಅಜ್ಜಿ ಮನಿಗೆ ಫ್ಯೂಸ್ ಹಾಕಾಕ ಹೋಗ್ತಿರ್ತೀನಿ. ಏಳು ಕೋಣಿ, ದೊಡ್ಡ ಬಲ್ಕಾಂವ್ (ಮುಂದಿನ ಜಗಲಿ), ಗ್ವಾಡಿ ಮ್ಯಾಲ ಐದು ಮಕ್ಕಳ ಮದಿವಿ ಫೋಟೊ. ಐದೂ ಮಂದಿ ಹೊರಗ, ಲಂಡನ್ನಿನ್ಯಾಗ ಮೂರು, ಲಿಸ್ಬನ್ನಿನ್ಯಾಗ ಒಬ್ಬಾಕಿ, ಕೆನಡಾದಾಗ ಒಬ್ಬ. 1961ರ ಡಿಸೆಂಬರ್ 19ರ ಮೊದಲ ಇಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ಪೋರ್ತುಗೀಸ್ ಪಾಸ್‌ಪೋರ್ಟ್ ಸಿಗತೈತಿ ನೋಡ್ರಿ, ಆ ದಾರಿ. ಅಜ್ಜಿಗೆ ಐದು ಮಕ್ಕಳು, ಮನ್ಯಾಗ ಮಂದಿ ಒಂದು. ಇದನ್ನ ಮೇಷ್ಟ್ರ ಯಾವ ಲೆಕ್ಕಕ್ಕ ಹಚ್ಚತೀರಿ? ಹೋದ ವಾರ ಫ್ಯೂಸೇನೂ ಹೋಗಿದ್ದಿಲ್ಲ. ಚಾ ಕುಡಿಯಾಕ ಕರದಿದ್ರು.

ಗಿರ್‌ಗಾಂವ್ ಕಪಾಟು | 8.45

ಹಳೇ ಪುಸ್ತಕ ಕೆದಕುವ ನನಗೂ ಸ್ವಲ್ಪ ಜಾಗ ಕೊಡಿ. ಈ ಚರ್ಚೆಗೆ ಮುಂಬಯಿಯಲ್ಲಿ ನೂರು ವರ್ಷ ತುಂಬಿದೆ. ಮಹರ್ಷಿ ಧೊಂಡೋ ಕೇಶವ ಕರ್ವೆಯವರ ಮಗ ರಘುನಾಥ ಧೊಂಡೋ ಕರ್ವೆ 1921ರಲ್ಲಿ ಇಲ್ಲಿ ಸಂತತಿ ನಿಯಂತ್ರಣದ ಚಿಕಿತ್ಸಾಲಯ ತೆರೆದರು. ವಿಲ್ಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು ಆತ (ಮೇಷ್ಟ್ರೇ, ನಿಮ್ಮ ಕುಲದವರೇ). ಈ ಕೆಲಸ ಬಿಡಿ, ಇಲ್ಲ ನೌಕರಿ ಬಿಡಿ ಅನ್ನುವಲ್ಲಿಗೆ ಬಂತು, ನೌಕರಿ ಬಿಟ್ಟರು. 1927ರಿಂದ 'ಸಮಾಜಸ್ವಾಸ್ಥ್ಯ' ಅನ್ನುವ ಮಾಸಿಕ ನಡೆಸಿದರು, ಸಾಯುವ ತನಕ, ಅಂದರೆ 1953ರ ತನಕ. ಅಶ್ಲೀಲ ಅಂತ ಕೇಸು ಬಿತ್ತು. 1934ರಲ್ಲಿ ಅವರ ಪರ ವಾದಕ್ಕೆ ನಿಂತ ವಕೀಲರು ಡಾ. ಅಂಬೇಡ್ಕರ್. ಕೇಸು ಸೋತರು.

ಅತ್ತ ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ, ಕುಟುಂಬ ಯೋಜನೆಯನ್ನು ಸರ್ಕಾರಿ ಕಾರ್ಯಕ್ರಮ ಮಾಡಿದ ಮೊದಲ ದೇಶ ನಮ್ಮದು. ಆ ಕಾಲದ ಒಂದು ಪ್ರಯೋಗ ರಾಮನಗರದಲ್ಲಿ ನಡೆಯಿತು. ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ, ಯಾವ ಬಣ್ಣ ಬಂದಾಗ ಗಂಡನಿಂದ ದೂರ ಇರಬೇಕು ಅಂತ ಹೇಳಿಕೊಟ್ಟರು. ಮಣಿ ಸರಿಸುವ ಕೆಲಸವೂ ಹೆಂಗಸಿನದೇ, ಗಮನಿಸಿ. ಪ್ರಯೋಗ ಫಲ ಕೊಡಲಿಲ್ಲ.

ಅಲ್ಲಿಂದ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನಕ್ಕೆ ಬಂದೆವು, 'ಆರತಿಗೊಬ್ಬಳು ಕೀರ್ತಿಗೊಬ್ಬ' ಅಂತ ಊರ ಗೋಡೆಗಳೆಲ್ಲ ಹೇಳಿದವು. ಆರತಿಗೆ ಹೆಣ್ಣು, ಕೀರ್ತಿಗೆ ಗಂಡು! ಎರಡೇ ಸಾಕು ಅನ್ನುವ ಘೋಷಣೆಯಲ್ಲೇ ಪೇಢೆ ಬರ್ಫಿ ಬೇರೆ ಮಾಡಿಟ್ಟಿದ್ದರು. ಆಮೇಲೆ ತುರ್ತುಪರಿಸ್ಥಿತಿ. 1976ರಲ್ಲಿ ಮಹಾರಾಷ್ಟ್ರದ ಶಾಸಕಾಂಗ ಕಡ್ಡಾಯ ಸಂತಾನಹರಣದ ಮಸೂದೆಯನ್ನೇ ಪಾಸು ಮಾಡಿತ್ತು, ರಾಷ್ಟ್ರಪತಿ ಅಂಕಿತ ಬೀಳಲಿಲ್ಲ, ಬಚಾವು. ಆ ಒಂದೆರಡು ವರ್ಷದ ಹೆದರಿಕೆ ಗಂಡಸರ ಆಪರೇಶನ್ನನ್ನು ಎಂಥ ಬೈಗುಳ ಮಾಡಿತೆಂದರೆ, ಮೇಲೆ ಅಕ್ಕ ಹೇಳಿದ 0.3ರಲ್ಲಿ ಅದರ ನೆರಳು ಇನ್ನೂ ಇದೆ.

ಜತ್ತದ ಕಡೆಯಾಂವ, ಪುಣೆ | 9.20

ಕಡ್ಡಾಯ ಪೂರ್ತಿ ಹೋಗಿಲ್ಲರೀ. ಮಹಾರಾಷ್ಟ್ರದಾಗ 2001ರ ಸಪ್ಟೆಂಬರ್ 12ರ ನಂತರ ಮೂರನೇ ಮಗು ಹುಟ್ಟಿದ್ರ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲಾಕ ಬರಂಗಿಲ್ಲ. ಸರ್ಕಾರಿ ನೌಕರಿಗೂ 2005ರಿಂದ ಸಣ್ಣ ಕುಟುಂಬದ ನಿಯಮ ಐತಿ. ನಮ್ಮ ಸಂಬಂಧಿಕರೊಬ್ರು ಮೂರನೇ ಹುಡುಗನ್ನ ತಮ್ಮನ ರೇಶನ್ ಕಾರ್ಡಿನ್ಯಾಗ ಏರಿಸಿ ಚುನಾವಣೆ ಗೆದ್ರು. ಈಗ ಹುಡುಗ ಕಾಕಾಗ ಅಪ್ಪ ಅಂತಾನ, ಅಪ್ಪಗ ಕಾಕಾ ಅಂತಾನ, ಶಾಳಿ ದಾಖಲೆದಾಗೂ ಹಂಗ ಐತಿ. ಸರಾಸರಿಯೊಳಗ ಏನೂ ಫರಕು ಬೀಳಂಗಿಲ್ಲ ಬಿಡ್ರಿ, ಎರಡು ಮನಿಗೂ ಎರಡೆರಡು.

ಗುತ್ತಿನ ಮನೆ, ಭಾಂಡುಪ್ | 11.00

ಗಂಡು ಬೇಕು, ಕುಲ ಉಳಿಯಬೇಕು ಅನ್ನುವ ಮಾತು ಕೇಳಿದಾಗೆಲ್ಲ ನನಗೆ ನಗು ಬರುತ್ತದೆ ಮಾರಾಯ್ರೆ. ನಾವು ಅಳಿಯಸಂತಾನದವರು. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣಿನಿಂದ. ಅಜ್ಜಿಗೆ ನಾಲ್ಕು ಹೆಣ್ಣು, ಇಡೀ ಊರಿಗೆ ಹೊಟ್ಟೆಕಿಚ್ಚು. ಅಮ್ಮನಿಗೆ ನಾನೊಬ್ಬಳೇ. ನನಗೆ ಒಬ್ಬ ಮಗ. ಆಸ್ತಿಯ ಮಟ್ಟಿಗೆ ಆ ಕಾನೂನಿನ ಕಾಲ ಯಾವತ್ತೋ ಮುಗಿದಿದೆ, 1956ರಿಂದಲೇ ಬದಲಾಗುತ್ತ ಬಂತು. ಆದರೆ ತರವಾಡಿನಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ದೈವದ ನೇಮ ಆದಾಗ ಹಿರಿಯರು ಕುಟುಂಬದ ಪಟ್ಟಿ ತೆಗೆದು ಯಾವ ಕವರಿನಲ್ಲಿ (ತಾಯಿ ಕಡೆಯ ಕವಲಿನಲ್ಲಿ) ಯಾರು ಉಂಟು ಅಂತ ಓದುತ್ತಾರೆ. ಹೋದ ವರ್ಷ ನಮ್ಮ ಕವರಿನ ಸಾಲು ಬಂದಾಗ ನನ್ನ ಹೆಸರು ಓದಿ, ಮಗನ ಹೆಸರು ಓದಿ, ಅಜ್ಜ ಕನ್ನಡಕ ಸರಿ ಮಾಡಿಕೊಂಡು ಮುಂದಿನ ಸಾಲಿಗೆ ಹೋದರು. ಎಂತ ಹೇಳಲೂ ಇಲ್ಲ. ಮಗ ಹುಟ್ಟಿದ್ದಕ್ಕೆ ಗಂಡನ ಆಫೀಸಿನ ಮರಾಠಿಗರು ಪೇಢೆ ಕೇಳಿದ್ದರು, ಊರಲ್ಲಿ ಅಮ್ಮ "ಇನ್ನೊಂದು ನೋಡು, ಹೆಣ್ಣಾದೀತು" ಅಂದಿದ್ದರು. ಎರಡು ಊರು, ಎರಡು ಒತ್ತಡ, ಹೊಟ್ಟೆ ಮಾತ್ರ ಒಂದೇ.

ಅಂಚಿನ ಸೀಟು, ಕಲ್ಯಾಣ್ | 1.30

ಇಷ್ಟೆಲ್ಲ ಹೇಳಿದಿರಿ, ರಾಜಕೀಯ ಬಿಟ್ಟಿರಿ. ಲೋಕಸಭೆಯ ಸೀಟುಗಳು ರಾಜ್ಯಕ್ಕೆ ಎಷ್ಟು ಅನ್ನುವುದು ಇವತ್ತಿಗೂ 1971ರ ಜನಗಣತಿಯ ಮೇಲೆ ನಿಂತಿದೆ. 1976ರಲ್ಲಿ ತಡೆಹಿಡಿದರು, 2001ರ ತಿದ್ದುಪಡಿಯಲ್ಲಿ 2026ರ ನಂತರದ ಮೊದಲ ಜನಗಣತಿಯ ತನಕ ಮುಂದೂಡಿದರು. ಹೇಳಿದ ಮಾತು ಕೇಳಿ ಎರಡಕ್ಕೆ ನಿಲ್ಲಿಸಿದ ದಕ್ಷಿಣದವರಿಗೆ ಸೀಟು ಕಡಿಮೆ ಆಗುವ ಭಯ. ಅದಕ್ಕೇ 2024ರಲ್ಲಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳು ಮಾಡಿಕೊಳ್ಳಿ ಅಂದದ್ದು, ಸ್ಟಾಲಿನ್ ಮದುವೆ ಮಂಟಪದಲ್ಲಿ ಹದಿನಾರು ಮಕ್ಕಳ ಮಾತು ತೆಗೆದದ್ದು.

ಎರಡನೇ ಶಿಫ್ಟ್, ನೇರೂಳ್ | 1.42

ಲೋಕಸಭೆಯ ಸೀಟಿಗೋಸ್ಕರ ನಾನು ಹೆರಬೇಕಾ? ನನಗೆ ಏಳೂವರೆಯ ಮೇಲೂ ತೆರೆದಿರುವ ಪಾಳಣಾಘರ ಕೊಡಿ, ಆಮೇಲೆ ಮಾತಾಡುವ.

(ಹೆಸರು ಬೇಡ) | 3.15

ಎಂಟು ವರ್ಷದಿಂದ ಪುಣೆಯಲ್ಲಿ ಟ್ರೀಟ್‌ಮೆಂಟ್ ತೆಗೆದುಕೊಳ್ಳುತ್ತಿದ್ದೇವೆ. ಸರಾಸರಿ 1.7 ಆಗಬೇಕಾದರೆ ಎಲ್ಲೋ ಒಂದಷ್ಟು ಸೊನ್ನೆ ಇರಬೇಕಲ್ಲ. ನಾಮಕರಣದ ಊಟದಲ್ಲಿ ಲೆಕ್ಕ ಹಾಕುವಾಗ ಆ ಸೊನ್ನೆಯೂ ಅದೇ ಪಂಕ್ತಿಯಲ್ಲಿ ಕೂತಿರುತ್ತದೆ ಅಂತ ಹೇಳಲಿಕ್ಕೆ ಬರೆದೆ. ಬಾಗಿನ ಕೊಡುವಾಗ ನನ್ನನ್ನು ದಾಟಿ ಹೋಗುವ ಕೈಗಳು ನನಗೆ ಗೊತ್ತು. ಉತ್ತರ ಬೇಡ, ಸಲಹೆ ಅಂತೂ ಬೇಡವೇ ಬೇಡ.

ಮುಲುಂಡ್ ಸ್ಲೋ | 3.40

ಸಲಹೆ ಇಲ್ಲ. ನಿನ್ನೆ ನಾನು ಊಟದಲ್ಲಿ ಗಟ್ಟಿಯಾಗಿ ಓದಿದ್ದು ತಪ್ಪಾಯ್ತು. ನಮ್ಮ ಪಂಕ್ತಿಯಲ್ಲೂ ಒಬ್ಬರಿದ್ದರು, ಈಗ ನೆನಪಾಗ್ತಾ ಇದೆ.

ಲೆಕ್ಕದ ಮೇಷ್ಟ್ರು, ಥಾಣೆ | ಸಂಜೆ 6.30

ಬೆಳಿಗ್ಗೆಯಿಂದ ಒಂದು ವಿಷಯ ಕೊರೆಯುತ್ತಿದೆ. ಇಲ್ಲಿ ಎಲ್ಲರೂ "ನಮ್ಮ ಅಜ್ಜಿಗೆ ಒಂಬತ್ತು, ನಮ್ಮಪ್ಪನಿಗೆ ಐದು" ಅಂತ ಶುರು ಮಾಡುತ್ತೀರಿ. ಹಿಂದಿನವರೆಲ್ಲ ಹಾಗೇ ಹೆರುತ್ತಿದ್ದರು ಅನ್ನಿಸುತ್ತದೆ. ಅದು ಪೂರ್ತಿ ನಿಜವಲ್ಲ.

ನಾನಿದ್ದ ಚಾಳಿನ ಎರಡನೇ ಮಜಲೆಯ ನಾಲ್ಕು ಮನೆ ತೆಗೆದುಕೊಳ್ಳಿ. ಒಬ್ಬರಿಗೆ ಮಕ್ಕಳಿಲ್ಲ, ಇಬ್ಬರಿಗೆ ಒಂದೊಂದು, ನಾಲ್ಕನೆಯವರಿಗೆ ಆರು. ನಾಲ್ಕು ತಾಯಂದಿರು, ಎಂಟು ಮಕ್ಕಳು, ಸರಾಸರಿ ಎರಡು. ಈಗ ಅದೇ ಎಂಟು ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ನಿಮ್ಮ ಮನೆಯಲ್ಲಿ ಎಷ್ಟು ಮಕ್ಕಳು" ಅಂತ ಕೇಳಿ. ಆರು ಮಂದಿ "ಆರು" ಅನ್ನುತ್ತಾರೆ, ಇಬ್ಬರು "ಒಂದು". ಕೂಡಿ ಭಾಗಿಸಿದರೆ 4.75. ತಾಯಂದಿರನ್ನು ಕೇಳಿದರೆ ಎರಡು, ಮಕ್ಕಳನ್ನು ಕೇಳಿದರೆ ಹತ್ತಿರಹತ್ತಿರ ಐದು. ದೊಡ್ಡ ಮನೆಯ ಕತೆ ಹೇಳಲು ಆರು ಬಾಯಿ. ಮಕ್ಕಳಿಲ್ಲದ ಮನೆಯ ಕತೆ ಹೇಳಲು ಮೊಮ್ಮಗ ಹುಟ್ಟುವುದೇ ಇಲ್ಲ. ಹೆಸರು ಬೇಡ ಅಂದವರ ಸಾಲು ಓದಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಇನ್ನು ಮುಲುಂಡ್ ಅವರ ಅಜ್ಜಿಯ ಒಂಬತ್ತು ಮತ್ತು ಆರರ ನಡುವಿನ ಮೂರು. 1971ರಲ್ಲಿ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ಕ್ಕೆ ಅದು 28. ಉಳಿಯುತ್ತವೋ ಇಲ್ಲವೋ ಅಂತ ನಾಲ್ಕು ಹೆಚ್ಚು ಹೆರುತ್ತಿದ್ದ ಕಾಲ ಅದು. ದೊಡ್ಡಪ್ಪನವರು ತುಂಬಿದ ಮನೆ ನೆನೆಸಿಕೊಳ್ಳುವಾಗ ಆ ಮೂರನ್ನೂ ನೆನೆಯಲಿ.

ವಾಸ್ಕೊದ ತಮ್ಮಾ, ನಿನ್ನ ಅಜ್ಜಿ ಎರಡೂ ಲೆಕ್ಕದಲ್ಲಿ ಇದ್ದಾರೆ. ಹಳೇ ಲೆಕ್ಕದಲ್ಲಿ ಐದು ಹೆತ್ತವರು, ಈಗಿನ ಲೆಕ್ಕದಲ್ಲಿ ಒಬ್ಬರ ಮನೆ. ಚಾ ಕುಡಿದು ಬಾ.

ವಿಜಾಪುರದಾಂವ, ಪಿಂಪ್ರಿ | 7.05

ಮೇಷ್ಟ್ರ, ಇದನ್ನ ನಮ್ಮವ್ವಗ ಫೋನ್ ಮಾಡಿ ಹೇಳಿದೆ, ಆರು ಬಾಯಿ ಲೆಕ್ಕ. ಪೂರ್ತಿ ಕೇಳಿದ್ಲು. "ಹೌದಪ್ಪ, ನನ್ನ ಎರಡು ಹೋದ್ವಲ್ಲ, ಅವು ನಿನ್ನ ಲೆಕ್ಕದಾಗ ಅದಾವೇನು?" ಅಂದ್ಲು. ನಂಗ ಗೊತ್ತ ಇರಲಿಲ್ಲ ಎರಡು ಹೋಗಿದ್ವು ಅಂತ. ನಲವತ್ತೆರಡು ವರ್ಷ ನನಗ.

ಮುಲುಂಡ್ ಸ್ಲೋ | 9.10

ತೊಟ್ಟಿಲು ಇಳಿಸಿದೆವು. ಹೆಂಡತಿಯ ತೀರ್ಮಾನ: "ಲೈಟಿನ ಸರ ಇಡಲಿಕ್ಕೆ ರಟ್ಟಿನ ಡಬ್ಬ ಸಾಕು. ಬೇಕಾದವರಿಗೆ ಕೊಡಿ." ದೊಡ್ಡಪ್ಪನ ಮನೆಗೆ ಕೇಳಿದೆ, ಹೊಸ ಫ್ಲ್ಯಾಟ್, ಫಾಲ್ಸ್ ಸೀಲಿಂಗ್ ಹಾಕಿಸಿದ್ದಾರೆ, ತೂಗುಹಾಕಲು ಕೊಂಡಿಯೇ ಇಲ್ಲವಂತೆ. ಚಾಳಿನ ತೊಲೆಗಳಲ್ಲಿ ಎರಡೆರಡು ಇರ್ತಿದ್ದವು.

ಹಲಸಿನ ಮರ, ಗಟ್ಟಿ ಇದೆ, ಒಂದು ಗಿಲೀಟಿನ ಗೊಂಬೆ ಬಿದ್ದುಹೋಗಿದೆ. ಮುಲುಂಡ್ ಪೂರ್ವ, ಐದನೇ ಮಜಲೆ. ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮೆಟ್ಟಿಲಿನಿಂದಲೇ ಇಳಿಸಬೇಕು. ಹಗ್ಗ ಸರಪಳಿ ಎಲ್ಲ ಕೊಡ್ತೇನೆ, ಹೊರಲಿಕ್ಕೆ ನಾಲ್ಕು ಜನ ಕರಕೊಂಡು ಬನ್ನಿ.

ಗುತ್ತಿನ ಮನೆ, ಭಾಂಡುಪ್ | 9.16

ನನ್ನ ಅತ್ತೆ ಮಗಳಿಗೆ ಮಾರ್ಚ್‌ನಲ್ಲಿ ಡೇಟ್ ಉಂಟು, ಅವಳಿಗೆ ಆದೀತು. ನಾಲ್ಕು ಜನ ಎಲ್ಲಿಂದ ತರುವುದು? ಮನೆಯಲ್ಲಿ ಇರುವುದೇ ಮೂವರು.

ಬೈನಾ ಹುಡುಗ, ವಾಸ್ಕೊ | 9.30

ರವಿವಾರ ಆದ್ರ ಹೇಳ್ರಿ. ನಮ್ಮ ಅಣ್ಣ ತಮ್ಮರು ಮೂರು ಮಂದಿ ಥಾಣೆ ಹತ್ರ ಕಳ್ವಾದಾಗ ಕೆಲಸಕ್ಕ ಅದಾರ.